ಟ್ರಂಕಿನ ಮೇಲಿನ ನಂಬರು: ಕಳೆದುಹೋದ ಸೇನಾ ಪದಕಗಳನ್ನು ಮರಳಿ ಕೇಳುವ ದಾರಿ

2019ರ ಆಗಸ್ಟ್ ಮಳೆಯನ್ನು ಮೂಡಿಗೆರೆ ಸೀಮೆಯವರು ಮರೆಯುವುದುಂಟೇ? ಗುಡ್ಡ ಜರಿದು ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ತೋಟ, ಗದ್ದೆ ಎಲ್ಲ ಮಣ್ಣುಪಾಲಾದ ದಿನಗಳವು. ನಮ್ಮ ದೊಡ್ಡಪ್ಪನ ಮನೆಯ ಹಿಂಬದಿ ಗೋಡೆಯೂ ಆಗಲೇ ಬಿತ್ತು. ಆ ಕೋಣೆಯಲ್ಲಿದ್ದದ್ದು ಭತ್ತದ ಎರಡು ಚೀಲ, ಒಂದು ಹಳೇ ಮಂಚ, ಮತ್ತು ದೊಡ್ಡಪ್ಪನ ಮಿಲ್ಟ್ರಿ ಟ್ರಂಕು. ದೊಡ್ಡಪ್ಪ ತೀರಿಕೊಂಡು ಅಷ್ಟೊತ್ತಿಗೆ ಎರಡು ವರ್ಷ. ಟ್ರಂಕಿನೊಳಗೆ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಅವರ ಡಿಸ್ಚಾರ್ಜ್ ಪುಸ್ತಕ, ಒಂದು ಸ್ವೆಟರ್, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಪದಕಗಳು.

ಮಳೆ ಹೊಳವಾದ ಮೇಲೆ ಹುಡುಕಿದೆವು. ಕಾಫಿ ತೋಟದ ಕೆಳಗೆ, ಗದ್ದೆ ಬದುವಿನಲ್ಲಿ, ಟ್ರಂಕಿನ ಮುಚ್ಚಳ ಮಾತ್ರ ಸಿಕ್ಕಿತು. ದೊಡ್ಡಮ್ಮ ಸೆರಗಿನಿಂದ ಅದರ ಕೆಸರು ಒರೆಸುತ್ತಾ, "ಮೆಡ್ಲು ಹೋದ್ವು ಕಣೋ, ಇನ್ನೇನ್ ಐತೆ ಅವರ್ದು ಅಂತ ಮನೇಲಿ" ಅಂದರು.

ಆಮೇಲೆ ನಾನು ಈ ವಿಷಯದ ಹಿಂದೆ ಬಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಹಳ್ಳಿಗೊಬ್ಬರಂತೆ ಮಾಜಿ ಸೈನಿಕರಿದ್ದಾರೆ. ಪದಕ ಕಳೆದುಕೊಂಡ ಮನೆಗಳೂ ಬೇಕಾದಷ್ಟಿವೆ. ಕೆಲವು ಕಳವಾಗಿವೆ, ಕೆಲವು ಪಾಲು ಪಾರಿಕತ್ತಿನಲ್ಲಿ ಚದುರಿವೆ, ಕೆಲವನ್ನು ಮಕ್ಕಳು ಆಡಿ ಕಳೆದಿದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹೊಸದು ಸಿಗುತ್ತದಾ? ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನ ಉತ್ತರವಿಲ್ಲ. ಯಾವ ಪದಕ, ಯಾರು ಕೇಳುತ್ತಿದ್ದಾರೆ, ಮತ್ತು ಅದು ನಿಜವಾಗಿ ಕಳೆದದ್ದೋ ಅಥವಾ ಕೈಗೇ ಬಂದಿರಲಿಲ್ಲವೋ, ಇದರ ಮೇಲೆ ಹೋಗುತ್ತದೆ. ಆದರೆ ಎಲ್ಲಕ್ಕೂ ಮೊದಲು ಬೇಕಾದ್ದು ಒಂದಿದೆ. ಆ ಕೆಸರಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದದ್ದು ಅದೇ: ದೊಡ್ಡಪ್ಪನ ಸೇವಾ ನಂಬರು.

ಸೇನೆಯಲ್ಲಿ ಮನುಷ್ಯನನ್ನು ಗುರುತಿಸುವುದು ನಂಬರಿನಿಂದ. ಒಂದೇ ಪಲ್ಟನ್ನಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರಬಹುದು, ನಂಬರು ಮಾತ್ರ ಒಬ್ಬರಿಗೊಂದೇ. ಪದಕದ ಅಂಚಿನಲ್ಲೂ, ಅಂದರೆ ನಾಣ್ಯದ ದಪ್ಪದ ಭಾಗದಲ್ಲಿ, ಸಾಮಾನ್ಯವಾಗಿ ನಂಬರು, ದರ್ಜೆ, ಹೆಸರು, ದಳ ಇವನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತಾರೆ. ಮನೆಯಲ್ಲಿ ಪದಕ ಇನ್ನೂ ಇರುವವರು ಇವತ್ತೇ ಒಂದು ಕೆಲಸ ಮಾಡಿ. ಪದಕವನ್ನು ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾ, ಅಂಚಿನ ಬರಹ ಕಾಣುವಂತೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಮುಂದೆ ಹಿಂದೆ ಎರಡೂ ಮುಖದ್ದೂ ಇರಲಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೀಪಾವಳಿಗೆ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ವರ್ಷವರ್ಷ ಬೆಳಗಿ, ಅಂಚಿನ ಅಕ್ಷರವೇ ಸವೆದುಹೋದ ಪದಕಗಳನ್ನು ನಾನು ನೋಡಿದ್ದೇನೆ. ಮೆತ್ತಗಿನ ಒಣ ಬಟ್ಟೆ ಸಾಕು.

ನಂಬರು ಎಲ್ಲೆಲ್ಲಿ ಅಡಗಿರುತ್ತದೆ? ಡಿಸ್ಚಾರ್ಜ್ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅದು ಹೋಗಿದ್ದರೆ ಪಿಂಚಣಿ ಆದೇಶ, ಅಂದರೆ ಪಿಪಿಒ ನೋಡಿ. ಅದರ ಪ್ರತಿ ಬ್ಯಾಂಕಿನಲ್ಲಿ ಇರಬಹುದು, ಈಗ ರಕ್ಷಣಾ ಪಿಂಚಣಿಯ ಸ್ಪರ್ಶ್ ಜಾಲತಾಣಕ್ಕೆ ಸೇರಿದವರಿಗೆ ಅಲ್ಲೂ ಸಿಗುತ್ತದೆ. ಮಾಜಿ ಸೈನಿಕರ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡಿಗೆ ಕೊಟ್ಟ ಅರ್ಜಿ, ಗಡಿಯಿಂದ ಬರೆದ ಕಾಗದದ ಹಿಂಬದಿಯ ವಿಳಾಸ, ಹಳೇ ಮನಿಯಾರ್ಡರ್ ತುಂಡು, ಇವೆಲ್ಲದರಲ್ಲೂ ಹುಡುಕಿ. ಆ ಕಾಲದ ಜವಾನರು ಟ್ರಂಕಿನ ಮೇಲೆ ನಂಬರು ಬರೆಸಿಕೊಳ್ಳುತ್ತಿದ್ದರು, ರೈಲಿನಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಹೋಗದಿರಲಿ ಅಂತ. ನಮಗೆ ದಾರಿ ತೋರಿಸಿದ್ದು ಆ ಬಣ್ಣವೇ.

ಇಲ್ಲಿ ಒಂದು ತೊಡಕಿದೆ, ಗೊತ್ತಿಲ್ಲದೆ ಬಹಳ ಜನ ಗಾಬರಿಯಾಗುತ್ತಾರೆ. ಜವಾನನಾಗಿ ಸೇರಿ ನಾಯಬ್ ಸುಬೇದಾರ್ ಆದವರಿಗೆ ಹೊಸ ನಂಬರು ಬರುತ್ತದೆ, ಅದರ ಶುರುವಿನಲ್ಲಿ ಜೆಸಿ ಎಂಬ ಅಕ್ಷರಗಳಿರುತ್ತವೆ. ಹಾಗಾಗಿ ಒಬ್ಬರದೇ ಎರಡು ಪದಕಗಳಲ್ಲಿ ಎರಡು ನಂಬರು ಕಾಣಬಹುದು. ಬೇರೆ ಯಾರದೋ ಪದಕ ಮನೆಗೆ ಬಂದಿದೆ ಅಂದುಕೊಳ್ಳಬೇಡಿ. ಅರ್ಜಿಯಲ್ಲಿ ಎರಡೂ ನಂಬರು ಬರೆಯಿರಿ.

ನಂಬರು ಸಿಕ್ಕ ಮೇಲೆ ಯಾವ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ. ಸೇನೆಯಲ್ಲಿ ಜವಾನರು ಮತ್ತು ಜೆಸಿಒಗಳ (ನಾಯಬ್ ಸುಬೇದಾರ್, ಸುಬೇದಾರ್ ದರ್ಜೆಯವರ) ದಾಖಲೆ ಆಯಾ ದಳದ ರೆಕಾರ್ಡ್ ಆಫೀಸಿನಲ್ಲಿರುತ್ತದೆ, ಎಲ್ಲರದ್ದೂ ದೆಹಲಿಯಲ್ಲಿರುವುದಿಲ್ಲ. ನಮ್ಮ ಕಡೆಯವರು ಹೆಚ್ಚಾಗಿ ಸೇರಿದ ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಜಿನಿಯರ್ ದಳವಾದ ಎಂಇಜಿ, ಇದರ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಫಿರಂಗಿ ದಳದ್ದು ನಾಸಿಕ್ ರೋಡ್, ಯಂತ್ರೋಪಕರಣ ರಿಪೇರಿಯ ಇಎಂಇ ದಳದ್ದು ಸಿಕಂದರಾಬಾದ್, ಸಿಗ್ನಲ್ಸ್‌ದು ಜಬಲ್ಪುರ, ವೈದ್ಯಕೀಯ ದಳದ್ದು ಲಖನೌ. ವಾಯುಪಡೆಯಾದರೆ ದೆಹಲಿಯ ಸುಬ್ರತೋ ಪಾರ್ಕ್, ನೌಕಾಪಡೆಯ ನಾವಿಕರಾದರೆ ಮುಂಬೈಯ ಮಾನ್‌ಖುರ್ದ್. ಅಧಿಕಾರಿಗಳ ದಾಖಲೆ ಮಾತ್ರ ದೆಹಲಿಯ ಸೇನಾ ಮುಖ್ಯ ಕಚೇರಿಯಲ್ಲಿ. ದಳ ಯಾವುದೆಂದೇ ತಿಳಿಯದಿದ್ದರೆ ನಂಬರಿನ ಮೊದಲ ಅಂಕಿಗಳೇ ಸುಳಿವು, ಏಕೆಂದರೆ ಒಂದೊಂದು ದಳಕ್ಕೂ ಒಂದೊಂದು ಸಾಲಿನ ನಂಬರುಗಳನ್ನು ಬಿಟ್ಟುಕೊಟ್ಟಿರುತ್ತಾರೆ. ಅನುಭವಿ ಸುಬೇದಾರರೊಬ್ಬರಿಗೆ ತೋರಿಸಿದರೆ ಥಟ್ಟನೆ ಹೇಳಿಬಿಡುತ್ತಾರೆ.

ಈಗ ಇದರಲ್ಲೆಲ್ಲ ನನಗೆ ಅತಿ ಮುಖ್ಯ ಅನಿಸಿದ ಮಾತು. ಕಳೆದ ಪದಕ ಬೇರೆ, ಕೊಡದೇ ಉಳಿದ ಪದಕ ಬೇರೆ. ಅರ್ಜಿ ಬರೆಯುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಪದಕಕ್ಕೆ ಅರ್ಹತೆ ಬರುವುದು ಒಂದು ದಿನ, ಲೋಹದ ಪದಕ ಕೈಗೆ ಬರುವುದು ಇನ್ನೊಂದು ದಿನ. ನಡುವೆ ವರ್ಷಗಳೇ ಕಳೆಯುತ್ತವೆ. ಸೈನಿಕ ಯಾವ ಕಾರ್ಯಾಚರಣೆಯಲ್ಲಿದ್ದ, ಎಷ್ಟು ವರ್ಷ ಸೇವೆ ಮುಗಿಸಿದ ಎಂಬುದನ್ನು ಅವನ ಘಟಕ ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಪ್ರಕಟಿಸಬೇಕು. ಅದು ರೆಕಾರ್ಡ್ ಆಫೀಸಿಗೆ ಹೋಗಿ ಅವನ ಸೇವಾ ಪುಸ್ತಕದಲ್ಲಿ ದಾಖಲಾಗಬೇಕು. ಆಮೇಲೆ ಬೇಡಿಕೆ ಮೇಲಕ್ಕೆ ಹೋಗಿ, ಸರ್ಕಾರಿ ಟಂಕಸಾಲೆಯಲ್ಲಿ ತಯಾರಾದ ಪದಕ ಇಳಿದು ಬರಬೇಕು. ಅಷ್ಟರಲ್ಲಿ ಘಟಕ ನಾಗಾಲ್ಯಾಂಡಿನಿಂದ ರಾಜಸ್ಥಾನಕ್ಕೆ ಹೋಗಿರುತ್ತದೆ, ಸೈನಿಕ ನಿವೃತ್ತನಾಗಿ ಸಕಲೇಶಪುರದ ಬಸ್ಸು ಹತ್ತಿರುತ್ತಾನೆ. ನಿವೃತ್ತಿಯವರೆಗೂ ಅಸಲಿ ಪದಕ ನೋಡದೆ, ಪರೇಡಿಗೆ ಅಂಗಡಿಯಿಂದ ಕೊಂಡ ಪದಕ ಧರಿಸಿದವರು ಲೆಕ್ಕವಿಲ್ಲದಷ್ಟು. ದೆಹಲಿ ಕಂಟೋನ್ಮೆಂಟಿನ ಗೋಪಿನಾಥ್ ಬಜಾರಿನಂಥ ಕಡೆ ಇಂಥವು ಸಾಲಾಗಿ ಮಾರಾಟಕ್ಕಿರುತ್ತವೆ.

ಆದ್ದರಿಂದ ಮನೆಯವರು ಮೊದಲು ಕೇಳಬೇಕಾದ್ದು "ನಮ್ಮ ತಂದೆಯ ದಾಖಲೆಯಲ್ಲಿ ಯಾವ ಯಾವ ಪದಕಗಳಿವೆ, ಅದರಲ್ಲಿ ಯಾವುದನ್ನು ವಿತರಿಸಲಾಗಿದೆ, ಯಾವುದು ಬಾಕಿ" ಎಂಬುದನ್ನು. ಬಾಕಿ ಇರುವುದು ಹಕ್ಕಿನ ವಸ್ತು. ಸೈನಿಕ ತೀರಿಕೊಂಡಿದ್ದರೂ ಹೆಂಡತಿ ಮಕ್ಕಳು ಅದನ್ನು ಕೇಳಬಹುದು, ಅದಕ್ಕೆ ಪೊಲೀಸ್ ದೂರು ಬೇಕಿಲ್ಲ. ಕಳೆದದ್ದಕ್ಕೆ ಕೇಳುವುದು ಮಾತ್ರ ಕೋರಿಕೆ. ಹೇಗೆ ಕಳೆಯಿತು ಎಂದು ವಿವರಿಸಬೇಕು, ಪುರಾವೆ ಕೊಡಬೇಕು, ಬೆಲೆ ತೆರಬೇಕಾಗಿ ಬರಬಹುದು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ನಿಂತುಬಿಡುತ್ತವೆ.

ದೊಡ್ಡಪ್ಪನ ವಿಷಯದಲ್ಲಿ ಇದು ಹೇಗಾಯಿತೆಂದರೆ, ಅವರ ಎದೆ ಮೇಲೆ ಎಷ್ಟು ಪದಕ ಇದ್ದವು ಎಂದೇ ನಮಗ್ಯಾರಿಗೂ ನೆನಪಿರಲಿಲ್ಲ. ಕೊನೆಗೆ ಒಂದು ಫೋಟೊ ಸಿಕ್ಕಿತು, ಯಾವುದೋ ಜನವರಿ 26ರಂದು ಶಾಲೆ ಮೈದಾನದಲ್ಲಿ ತೆಗೆದದ್ದು. ದೊಡ್ಡಮ್ಮ ಕನ್ನಡಕ ಏರಿಸಿ, ಉಗುರಿನ ತುದಿಯಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು. ಐದು. ಫೋಟೊ ಕಪ್ಪು ಬಿಳುಪಿನದು, ರಿಬ್ಬನ್ನಿನ ಬಣ್ಣ ಗೊತ್ತಾಗದು. ಆದರೆ ಒಂದು ಮಾತ್ರ ಐದು ಮೂಲೆಯ ನಕ್ಷತ್ರ, ಉಳಿದವು ದುಂಡಗೆ.

ಆ ನಕ್ಷತ್ರವೇ ಒಂದು ಕಥೆ ಹೇಳುತ್ತದೆ. 1971ರ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. ಆ ಕಾಲದಲ್ಲಿ ಸೇವೆಯಲ್ಲಿದ್ದವರಿಗೆ ದುಂಡಗಿನ ಸಂಗ್ರಾಮ್ ಮೆಡಲ್. 1965ರದಾದರೆ ರಣರಂಗದವರಿಗೆ ಸಮರ್ ಸೇವಾ ಸ್ಟಾರ್, ಸೇವೆಯಲ್ಲಿದ್ದವರಿಗೆ ರಕ್ಷಾ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಅದೇ ದಿನ ಇದ್ದವರಿಗೆ 50ನೇ ವರ್ಷದ್ದು. ಕಾಶ್ಮೀರ, ನೇಫಾ (ಈಗಿನ ಅರುಣಾಚಲ), ಹಿಮಾಲಯ ಮುಂತಾದ ಕಷ್ಟದ ಸೀಮೆಗಳಲ್ಲಿ ದುಡಿದವರಿಗೆ ಸೈನ್ಯ ಸೇವಾ ಮೆಡಲ್; ಯಾವ ಸೀಮೆ ಎಂಬುದು ರಿಬ್ಬನ್ ಮೇಲಿನ ಪುಟ್ಟ ಲೋಹದ ಪಟ್ಟಿಯಲ್ಲಿ ಇರುತ್ತದೆ. ಕಾರ್ಗಿಲ್ ಕಾಲದವರಿಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಮೆಡಲ್. ಇವಲ್ಲದೆ 9 ವರ್ಷ, 20 ವರ್ಷ, 30 ವರ್ಷದ ದೀರ್ಘ ಸೇವಾ ಪದಕಗಳು. ಹೀಗೆ ಒಬ್ಬನ ಎದೆಯ ಮೇಲಿನ ಸಾಲು ನೋಡಿದರೆ ಅವನು ಎಲ್ಲಿದ್ದ, ಎಷ್ಟು ವರ್ಷ ಇದ್ದ ಎಂದು ಓದಬಹುದು. ಮನೆಯಲ್ಲಿ ಯುದ್ಧದ ಮಾತನ್ನೇ ಆಡದ ಮನುಷ್ಯ ದೊಡ್ಡಪ್ಪ. ಅವರು ಪಶ್ಚಿಮ ಗಡಿಯಲ್ಲಿದ್ದರು ಎಂದು ಅವರ ಮಕ್ಕಳಿಗೆ ಖಚಿತವಾದದ್ದು ರೆಕಾರ್ಡ್ ಆಫೀಸಿನ ಉತ್ತರ ಬಂದ ಮೇಲೆ.

ಆ ಉತ್ತರದಲ್ಲಿ ಏಳು ಪದಕಗಳ ಹೆಸರಿತ್ತು. ಫೋಟೊದಲ್ಲಿ ಐದು. ಇನ್ನೆರಡು ಅವರ ಕೈಗೆ ಬಂದೇ ಇರಲಿಲ್ಲ.

ಅರ್ಜಿಯ ಕೆಲಸವನ್ನು ಹೇಗೆ ಮಾಡಿದೆವು ಎಂದು ಹೇಳುತ್ತೇನೆ, ಬೇರೆಯವರಿಗೆ ಅನುಕೂಲವಾದೀತು. ಹಾಸನದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಇದೆ. ಪದಕ ಕೊಡುವ ಅಧಿಕಾರ ಇಂಥ ಕಚೇರಿಗಳಿಗಿಲ್ಲ, ಆದರೆ ಅಲ್ಲಿಂದ ಹೋದ ಪತ್ರಕ್ಕೆ ತೂಕ ಬೇರೆ. ಸೇನೆಯ ಭಾಷೆಯಲ್ಲಿ ಹೇಗೆ ಬರೆಯಬೇಕು, ಯಾವ ರೆಕಾರ್ಡ್ಸಿಗೆ ಬರೆಯಬೇಕು ಎಂಬುದು ಅಲ್ಲಿನವರಿಗೆ ನಿತ್ಯದ ಕೆಲಸ. ಮಾಜಿ ಸೈನಿಕರು ಬದುಕಿದ್ದರೆ ಅವರೇ ಸಹಿ ಹಾಕಿ ಕೇಳುವುದು ಎಲ್ಲಕ್ಕಿಂತ ಸುಲಭ; "ನೋಡೋಣ ಬಿಡಿ" ಅಂತ ಮುಂದೂಡಬೇಡಿ. ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದಾಗಲೇ ಆ ಎರಡು ಬಾಕಿ ಪದಕಗಳನ್ನು ಒಂದು ಪತ್ರ ಬರೆದು ಕೇಳಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ಆ ಬೇಜಾರು ನನಗೆ ಈಗಲೂ ಇದೆ.

ಕಳೆದದ್ದಕ್ಕೆ ಪೊಲೀಸ್ ಠಾಣೆಯ ಕಾಗದ ಬೇಕು. ಕಳವಾಗಿದ್ದರೆ ಎಫ್‌ಐಆರ್. ಮಳೆ, ಬೆಂಕಿ, ಪ್ರಯಾಣದಲ್ಲಿ ಹೋಗಿದ್ದರೆ ದೂರು ಕೊಟ್ಟು ಹಿಂಬರಹ ಪಡೆದರೆ ನಡೆಯುತ್ತದೆ. ದೂರಿನಲ್ಲಿ "ಕೆಲವು ಪದಕಗಳು" ಎಂದು ಬರೆಸಬೇಡಿ. ಒಂದೊಂದರ ಹೆಸರು, ಸೈನಿಕರ ನಂಬರು, ದರ್ಜೆ, ದಳ ಎಲ್ಲ ಇರಲಿ. ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರದಲ್ಲಿ ಕಳೆದ ಸಂದರ್ಭ, ತಾರೀಖು, ಮತ್ತು ಪದಕವನ್ನು ಮಾರಿಲ್ಲ, ಒತ್ತೆ ಇಟ್ಟಿಲ್ಲ ಎಂಬ ಮಾತು ಇರಬೇಕು. ಈ ಕೊನೆಯ ಮಾತು ಯಾಕೆ ಅಂತ ನನಗೆ ಮೊದಲು ಅರ್ಥವಾಗಿರಲಿಲ್ಲ. 1950ರ ಸೇನಾ ಕಾಯ್ದೆಯ 54ನೇ ಕಲಂ ಪ್ರಕಾರ, ಸೇವೆಯಲ್ಲಿರುವ ಸೈನಿಕ ತನ್ನ ಪದಕವನ್ನು ಮಾರುವುದು, ಗಿರವಿ ಇಡುವುದು, ಹಾಳುಮಾಡುವುದು ಅಪರಾಧ, ಐದು ವರ್ಷದವರೆಗೆ ಸಜೆಯಾಗಬಹುದು. ಪದಕ ಅಂದರೆ ಸೇನೆ ಅಷ್ಟು ಗಂಭೀರವಾಗಿ ನೋಡುತ್ತದೆ. ಎರಡನೇ ಸಲ ಕೊಡುವಾಗ ಬಿಗಿ ಮಾಡುವುದು ಸಹಜ.

ಸೈನಿಕ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮತ್ತು ಅಣ್ಣತಮ್ಮಂದಿರು ಅಕ್ಕತಂಗಿಯರ ತಕರಾರಿಲ್ಲ ಎಂಬ ಒಪ್ಪಿಗೆ ಪತ್ರ ಜೊತೆಗಿಡಿ. ಹೆಂಡತಿ ಇದ್ದರೆ ಅರ್ಜಿ ಅವರ ಹೆಸರಿನಲ್ಲೇ ಹೋಗಲಿ, ದಾಖಲೆಯಲ್ಲಿ ವಾರಸುದಾರರು ಅವರೇ ಆಗಿರುತ್ತಾರೆ.

ಹೆಸರಿನ ಗೊಂದಲಕ್ಕೆ ಮೊದಲೇ ತಯಾರಾಗಿ. ಅರವತ್ತರ ದಶಕದಲ್ಲಿ ಭರ್ತಿ ಕಚೇರಿಯಲ್ಲಿ ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳವು. ಮಂಜೇಗೌಡ ಎಂಬ ಒಂದೇ ಹೆಸರು ಒಂದು ಕಡೆ ಎರಡು ಪದ, ಇನ್ನೊಂದು ಕಡೆ ಒಂದೇ ಪದ, ಆಧಾರ್‌ನಲ್ಲಿ ಹಿಂದೆ ಊರಿನ ಇನಿಷಿಯಲ್. ಗೌಡ ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ. ಇವೆಲ್ಲ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಮೊದಲೇ ಲಗತ್ತಿಸಿದರೆ ಒಂದು ಸುತ್ತಿನ ಓಡಾಟ ಉಳಿಯುತ್ತದೆ. ಅರ್ಜಿಯಲ್ಲಿ ಮಾತ್ರ ಸೇನೆಯ ದಾಖಲೆಯಲ್ಲಿದ್ದಂತೆಯೇ ಹೆಸರು ಬರೆಯಿರಿ, ತಪ್ಪಿದ್ದರೂ ಸರಿ.

ಉತ್ತರವೇ ಬಾರದಿದ್ದರೆ? ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಅದರಿಂದ ಪದಕ ಬರುವುದಿಲ್ಲ. ಯಾವುದು ದಾಖಲಾಗಿದೆ, ಯಾವುದು ಬಾಕಿ ಎಂಬುದು ತಿಳಿಯುತ್ತದೆ.

ಶೌರ್ಯ ಪದಕಗಳ ದಾರಿ ಬೇರೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರಗಳಂತೆಯೇ ಇವೂ ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ರಕ್ಷಣಾ ಸಚಿವಾಲಯದ ಗ್ಯಾಲಂಟ್ರಿ ಅವಾರ್ಡ್ಸ್ ಜಾಲತಾಣದಲ್ಲಿ ಹೆಸರು ಹುಡುಕಿದರೆ ವಿವರ ಸಿಗುತ್ತದೆ. ಇಲ್ಲಿ ಪುರಾವೆಯ ಕಷ್ಟ ಕಡಿಮೆ. ಇನ್ನೊಂದು ಭಯ ಬಹಳ ಮನೆಗಳಲ್ಲಿದೆ: ಪದಕ ಕಳೆದರೆ ತಿಂಗಳ ಭತ್ಯೆ ನಿಲ್ಲುತ್ತದಾ? ನಿಲ್ಲುವುದಿಲ್ಲ. 2017ರ ಆಗಸ್ಟ್‌ನಿಂದ ಕೇಂದ್ರದ ಭತ್ಯೆ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000, ಶೌರ್ಯದ ಸೇನಾ ಮೆಡಲ್‌ಗೆ 2,000 ರೂಪಾಯಿ ಆಗಿದೆ. ಅದು ಪ್ರಶಸ್ತಿಗೆ ಕೊಡುವ ಹಣ, ಪ್ರಶಸ್ತಿ ಪಡೆದವರು ತೀರಿಕೊಂಡ ಮೇಲೆ ಪತ್ನಿಗೂ ಸಲ್ಲುತ್ತದೆ. ಕಳೆದಿದೆ ಎಂದು ಹೇಳಿದರೆ ಹಣ ಹೋದೀತು ಅಂತ ಸುಮ್ಮನಿರಬೇಡಿ.

ಅಜ್ಜಂದಿರ ಕಾಲದ ಪದಕಗಳ ವಿಷಯ ಸ್ವಲ್ಪ ಕಹಿ. ನಮ್ಮ ಎರಡೂ ಜಿಲ್ಲೆಗಳು ಮೈಸೂರು ಸಂಸ್ಥಾನದಲ್ಲಿದ್ದವು, ಅದರ ಕುದುರೆ ದಳ ಮೈಸೂರು ಲ್ಯಾನ್ಸರ್ಸ್‌ನವರು 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದರು, ಎರಡನೇ ಮಹಾಯುದ್ಧದಲ್ಲಿ ಮಲೆನಾಡಿನವರು ಬರ್ಮಾವರೆಗೂ ಹೋದರು. ಅವರಿಗೆ ಬಂದ ಬರ್ಮಾ ಸ್ಟಾರ್, 1939-45ರ ವಾರ್ ಮೆಡಲ್ ಮುಂತಾದವು ಬ್ರಿಟಿಷ್ ದೊರೆಯ ಹೆಸರಿನ ಪದಕಗಳು. ನಮ್ಮ ಟಂಕಸಾಲೆ ಈಗ ಅವನ್ನು ಹೊಸದಾಗಿ ಮಾಡುವುದಿಲ್ಲ. ಹುಡುಕಿ ಕೊಂಡರೂ ಅದು ಬೇರೊಬ್ಬರ ಪದಕವೋ, ನಕಲೋ ಆಗಿರುತ್ತದೆ.

ನಕಲು ಎಂದೊಡನೆ ಕೆಲವರಿಗೆ ಮುಜುಗರ. ನನಗೆ ಹಾಗನಿಸುವುದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ ನೋಡಿ. ಕನ್ನಡದ ಅತಿ ಹಳೆಯ ಶಾಸನವೆಂದು ನಾವು ಶಾಲೆಯಲ್ಲಿ ಓದಿದ ಆ ಕಲ್ಲು, ಸುಮಾರು ಕ್ರಿ.ಶ. 450ರದ್ದು, ಹೇಳುವುದೇನು? ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಬಾಳ್ಗಳ್ಚು ಕೊಟ್ಟರು ಎಂದು. ಬಾಳ್ ಎಂದರೆ ಕತ್ತಿ. ಕತ್ತಿ ತೊಳೆದು ಗೌರವಿಸಿ ಕೊಡುವ ದತ್ತಿ, ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳು. ಅಂದರೆ ನಮ್ಮ ಭಾಷೆಯ ಅತಿ ಹಳೆಯ ಬರಹಗಳಲ್ಲೇ ಒಂದು ಶೌರ್ಯ ಪ್ರಶಸ್ತಿಯ ದಾಖಲೆಯಿದೆ. ಮೂಲ ಕಲ್ಲು ಮೈಸೂರಿಗೆ ಹೋಗಿದೆ, ಊರಲ್ಲಿ ನಿಲ್ಲಿಸಿರುವುದು ಪ್ರತಿಕೃತಿ. ಜನ ಅದರ ಮುಂದೆ ನಿಂತು ಕೈಮುಗಿದು ಬರುತ್ತಾರೆ. ಅದೇ ರೀತಿ ಅಸಲಿ ಪದಕ ಬರುವವರೆಗೆ, ಅಥವಾ ಬಾರದೇ ಹೋದರೆ, ಪ್ರತಿಕೃತಿಯನ್ನು ಸರಿಯಾದ ರಿಬ್ಬನ್ ಜೊತೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುವುದರಲ್ಲಿ ತಪ್ಪೇನಿಲ್ಲ. ಹಿಂಬದಿಯಲ್ಲಿ ಪ್ರತಿಕೃತಿ ಎಂದು ಬರೆದಿಡಿ, ಮೊಮ್ಮಕ್ಕಳಿಗೆ ಗೊಂದಲವಾಗದಿರಲಿ. ದಾಖಲೆಯಲ್ಲಿ ಇರುವುದನ್ನು ಮಾತ್ರ ಹಾಕಿ, ಚೆಂದ ಕಾಣಲಿ ಅಂತ ಒಂದೂ ಹೆಚ್ಚು ಬೇಡ.

ಧರಿಸುವುದಕ್ಕೆ ಕ್ರಮವಿದೆ. ಸೈನಿಕ ತನ್ನ ಪದಕವನ್ನು ಎಡ ಎದೆಯ ಮೇಲೆ ಧರಿಸುತ್ತಾನೆ. ತೀರಿಕೊಂಡವರ ಪದಕವನ್ನು ಹತ್ತಿರದ ಬಂಧುಗಳು ಯುದ್ಧ ಸ್ಮಾರಕಗಳಲ್ಲಿ ಗೌರವ ಸಲ್ಲಿಸುವಾಗ ಬಲ ಎದೆಯ ಮೇಲೆ ಧರಿಸಲು ಸೇನೆ ಅವಕಾಶ ಕೊಟ್ಟಿದೆ. ನೋಡಿದವರಿಗೆ ತಕ್ಷಣ ತಿಳಿಯುತ್ತದೆ, ಇವರು ಸೈನಿಕರ ಮನೆಯವರು ಎಂದು. ಸೈನಿಕನಲ್ಲದವನು ತಾನೇ ಸೈನಿಕನೆಂದು ನಂಬಿಸಲು ಸೇನೆಯ ಉಡುಪನ್ನೋ ಗುರುತನ್ನೋ ಹಾಕಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಅಡಿ ಅಪರಾಧ.

ರೆಕಾರ್ಡ್ಸಿನಿಂದ ಆ ಏಳರ ಪಟ್ಟಿ ಬಂದ ದಿನ ನಾನು ಪತ್ರ ಓದಿ ಹೇಳಿದೆ. ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಪತ್ರವನ್ನು ಇಸಿದುಕೊಂಡು ಮುಚ್ಚಳದ ಪಕ್ಕಕ್ಕೆ ಹಿಡಿದು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. "ಇವರದ್ದೇ," ಅಂದರು. ಬಾಕಿ ಎರಡು ಪದಕಗಳಿಗೆ ಒಂದು ಅರ್ಜಿ, ಕೊಚ್ಚಿಹೋದ ಐದಕ್ಕೆ ಇನ್ನೊಂದು, ಬೇರೆ ಬೇರೆ ಲಕೋಟೆಯಲ್ಲಿ ಕಳಿಸಿದೆವು. ಮುಚ್ಚಳದ ಬಣ್ಣ ಅಲ್ಲಲ್ಲಿ ಎದ್ದಿತ್ತು, ಹೊಸದಾಗಿ ಬರೆಸೋಣ ಅಂದದ್ದಕ್ಕೆ ಅವರು ಒಪ್ಪಲಿಲ್ಲ. ಹೊಸ ಗೋಡೆಗೆ ಮೊಳೆ ಹೊಡೆಸಿ, ಇದ್ದ ಹಾಗೇ ನೇತುಹಾಕಿಸಿದ್ದಾರೆ.